ಹದಿನೆಂಟನೇ ನಂಬರಿನ ಮರುಮೌಲ್ಯಮಾಪನ

ನಾನು ಬಹ್ರೇನಿಗೆ ಹೋದದ್ದು ಜಗಳಕ್ಕೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುತ್ತು, ಮರುಭೂಮಿ, ಖರ್ಜೂರ ಎಂದು ಕಾದು ಕೂತವರು ಆಮೇಲೆ ನನ್ನನ್ನು ಬೈಯಬಾರದು. ಎಂಟು ದಿನ ಆ ದ್ವೀಪದಲ್ಲಿದ್ದೂ ನಾನು ಸಮುದ್ರದ ನೀರಿಗೆ ಕಾಲಿಡಲಿಲ್ಲ.

ಜಗಳ ಯಾಕೆಂದು ತಿಳಿಯಬೇಕಾದರೆ ನನ್ನ ಕೆಲಸ ಏನೆಂದು ತಿಳಿಯಬೇಕು. ಹತ್ತೊಂಬತ್ತು ವರ್ಷ ಮೈಸೂರಿನ ಒಂದು ಹೈಸ್ಕೂಲಿನಲ್ಲಿ ಗಣಿತ ಕಲಿಸಿದವಳು ನಾನು. ಆಡಳಿತ ಮಂಡಳಿಯವರು ಯಾರದೋ ಮಗನನ್ನು ಪಾಸು ಮಾಡು ಎಂದರು, ಮಾಡಲಿಲ್ಲ, ಹೊರಗೆ ಬಂದೆ. ಆಮೇಲೆ ಸಿಕ್ಕಿದ್ದು ಈಗಿನ ಕೆಲಸ. ಸರಸ್ವತಿಪುರಂನ ಒಂದು ಮಹಡಿ ಮನೆಯಲ್ಲಿ ನಾವು ಹತ್ತಾರು ಜನ ಕೂತು, ಹೊರದೇಶದ ಆಟಗಳ ವಿಡಿಯೋ ನೋಡಿ ಆಟಗಾರರಿಗೆ ಮಾರ್ಕು ಹಾಕುತ್ತೇವೆ. ನನ್ನ ಪಾಲಿಗೆ ಬಂದದ್ದು ಅಮೆರಿಕನ್ ಫುಟ್‌ಬಾಲ್. ಹೆಸರಿಗೆ ಫುಟ್‌ಬಾಲ್, ಕೆಲಸವೆಲ್ಲ ಕೈಯದು. ಒಬ್ಬ ಹಿಂದೆ ನಿಂತು ಚೆಂಡು ಎಸೆಯುತ್ತಾನೆ. ಅವನು ಎಸೆಯುವ ಹೊತ್ತಿಗೆ ಸರಿಯಾಗಿ, ಎದುರಾಳಿಯ ಕಣ್ಣು ತಪ್ಪಿಸಿ, ಹೇಳಿದ ಜಾಗಕ್ಕೆ ಓಡಿ ಹೋಗಿ ಅದನ್ನು ಹಿಡಿಯುವವನನ್ನು ರಿಸೀವರ್ ಎನ್ನುತ್ತಾರೆ. ಹಿಡಿದದ್ದನ್ನು ಊರೇ ನೋಡುತ್ತದೆ, ಅದಕ್ಕೆ ನಾನು ಬೇಕಾಗಿಲ್ಲ. ನಾನು ನೋಡುವುದು ಚೆಂಡು ಅವನ ಕಡೆ ಬರಲಿ ಬಾರದಿರಲಿ, ಅವನು ಹೇಗೆ ಓಡಿದ ಎಂಬುದನ್ನು. ಎಷ್ಟು ಹೆಜ್ಜೆ, ತಿರುವು ಎಷ್ಟು ಚೂಪು, ಕೊನೆಯವರೆಗೂ ಓಡಿದನೋ ಅರ್ಧಕ್ಕೆ ಬಿಟ್ಟನೋ. ಒಂದೊಂದು ಓಟಕ್ಕೂ ಐದಕ್ಕೆ ಇಷ್ಟು ಎಂದು ಮಾರ್ಕು. ಎಸ್ಸೆಸ್ಸೆಲ್ಸಿ ಪೇಪರ್ ತಿದ್ದಿದ ಕೈಗೆ ಇದೇನು ಮಹಾ?

ಬಹ್ರೇನಿನ ಒಂದು ತಂಡಕ್ಕೆ ಎರಡು ಸೀಸನ್ನಿನಿಂದ ನಾನೇ ಮಾರ್ಕು ಹಾಕುತ್ತಿದ್ದೆ. ಸಂಬಳ ಕೊಟ್ಟು ಆಡಿಸುವ ತಂಡ. ಈ ವರ್ಷ ಅವರಲ್ಲಿ ಆರು ರಿಸೀವರುಗಳಿದ್ದು ನಾಲ್ವರನ್ನು ಉಳಿಸಿಕೊಳ್ಳಬೇಕಿತ್ತು. ನನ್ನ ವರದಿ ಹೋಯಿತು. ಹೊಸದಾಗಿ ಬಂದಿದ್ದ ಅಮೆರಿಕದ ಕೋಚ್ ಅದನ್ನು ಓದಿ, ಇದನ್ನು ಬರೆದ ಮನುಷ್ಯ ಜನ್ಮದಲ್ಲಿ ಒಮ್ಮೆಯಾದರೂ ಚೆಂಡು ಮುಟ್ಟಿದ್ದಾನೆಯೇ ಎಂದು ಕೇಳಿದನಂತೆ. ಹಾಗಾದರೆ ಆ ಮನುಷ್ಯನನ್ನೇ ಕರೆಸಿ ಎಂದರಂತೆ ಮಾಲೀಕರು. ನಮ್ಮ ಬಾಸ್ ಪ್ರಸನ್ನ ತಾನೇ ಹೋಗುವುದೆಂದು ಹೊಸ ಕೋಟು ಹೊಲಿಸಲು ಕೊಟ್ಟಿದ್ದ. ಬರೆದವಳು ನಾನು, ಹೋಗುವವಳೂ ನಾನೇ ಎಂದೆ. ಕೋಟು ಹೊಲಿಸಿದ್ದಾಗಿದೆ ಎಂದ. ಮದುವೆಗೆ ಆಗುತ್ತದೆ ಎಂದೆ.

ಬಹ್ರೇನ್ ವಿಮಾನ ನಿಲ್ದಾಣದಲ್ಲಿ ಪಾಸ್‌ಪೋರ್ಟ್ ನೋಡುವ ಹುಡುಗಿ ಬಂದ ಉದ್ದೇಶ ಕೇಳಿದಳು. ಮಾರ್ಕು ಹಾಕಲು ಎಂದೆ. ಅವಳು ನನ್ನ ಕನ್ನಡಕ, ಜಡೆ, ಹತ್ತಿ ಸೀರೆ ನೋಡಿ, ಟೀಚರಾ ಎಂದಳು. ಹೌದು ಎಂದೆ. ಮುದ್ರೆ ಬಿತ್ತು.

ಗುದೈಬಿಯಾ

ತಂಡದ ವ್ಯವಸ್ಥೆಯನ್ನೆಲ್ಲ ನೋಡಿಕೊಳ್ಳುವವನು ರಾಘವೇಂದ್ರ ಎಂಬ ಬೆಂಗಳೂರಿನ ಹುಡುಗ. ಹುಡುಗ ಎಂದೆ, ಮೂವತ್ತೈದಾಗಿರಬೇಕು. ನನ್ನ ಶಿಷ್ಯಂದಿರ ವಯಸ್ಸಿನವರೆಲ್ಲ ನನಗೆ ಹುಡುಗರೇ. "ಮೇಡಂ, ಹೋಟೆಲ್ ಬುಕ್ ಮಾಡಿದ್ರೆ ನೀವು ಬೋರ್ ಆಗ್ತೀರಾ. ನಮ್ ವನಜಕ್ಕ ಇದಾರೆ, ಅವರ ಫ್ಲ್ಯಾಟಲ್ಲಿ ಒಂದ್ ರೂಮ್ ಫ್ರೀ ಇದೆ, ವೆಜ್ ಊಟ, ಎಲ್ಲಾ ಸೆಟ್," ಎಂದು ಗುದೈಬಿಯಾ ಎಂಬ ಬಡಾವಣೆಯ ಒಂದು ಓಣಿಯಲ್ಲಿ ಇಳಿಸಿ ಹೋದ.

ವನಜಕ್ಕ ಮೂಲ್ಕಿಯವರು. ಬಹ್ರೇನಿಗೆ ಬಂದು ಮೂವತ್ತು ವರ್ಷವಾಯಿತು. ಗಂಡ ತೀರಿಕೊಂಡ ಮೇಲೆ ಅವರ ಟೈಲರ್ ಅಂಗಡಿಯನ್ನು ಇವರೇ ನಡೆಸುತ್ತಾರೆ. ಕೆಳಗೆ ಅಂಗಡಿ, ಮೇಲೆ ಮನೆ. ಶಾಲೆಯ ಯೂನಿಫಾರ್ಮ್, ಹೋಟೆಲಿನವರ ಕೋಟು, ನಮ್ಮ ತಂಡದ ಹರಿದ ಜೆರ್ಸಿ, ಎಲ್ಲ ಅಲ್ಲಿಗೇ ಬರುತ್ತವೆ. ನನ್ನನ್ನು ಮೇಲಿನಿಂದ ಕೆಳಗೆ ಒಮ್ಮೆ ನೋಡಿ, "ಆ ಗೂಳಿಗಳಿಗೆ ಮಾರ್ಕ್ ಹಾಕುದು ನೀವಾ? ಒಳ್ಳೇದಾಯ್ತು. ಕೈ ಕಾಲು ತೊಳ್ದು ಬನ್ನಿ, ಗಂಜಿ ಉಂಟು," ಎಂದರು. ಎರಡನೇ ದಿನಕ್ಕೆ ನಾನು ಅವರಿಗೆ 'ನೀನು' ಆದೆ.

ಮರುದಿನ ಬೆಳಿಗ್ಗೆ ಒಬ್ಬಳೇ ಚಹಾ ಕುಡಿದು ಬರುತ್ತೇನೆಂದು ಹೊರಟೆ. ಗುದೈಬಿಯಾದಲ್ಲಿ ಪ್ರತಿ ಮೂಲೆಗೂ ಒಂದು ಕ್ಷೌರದಂಗಡಿ, ಒಂದು ಮೊಬೈಲ್ ಅಂಗಡಿ, ಒಂದು ಮಲಯಾಳಿಯ ಚಹಾದಂಗಡಿ. ಮೂರು ಮೂಲೆ ತಿರುಗುವಷ್ಟರಲ್ಲಿ ಯಾವುದು ಯಾವುದೆಂದು ಗೊತ್ತಾಗದೆ ಹೋಯಿತು. ಇದೇ ಕಟ್ಟಡ ಎಂದು ಧೈರ್ಯವಾಗಿ ಮೆಟ್ಟಿಲು ಹತ್ತಿ ಬಾಗಿಲು ಬಡಿದರೆ, ಒಳಗೆ ಐದಾರು ಆಂಧ್ರದ ಬ್ರಹ್ಮಚಾರಿಗಳು ಬನಿಯನ್ನಿನಲ್ಲಿ ನಿಂತು ದೋಸೆ ಹುಯ್ಯುತ್ತಿದ್ದರು. ಒಬ್ಬ ಗಡಿಬಿಡಿಯಲ್ಲಿ ಶರ್ಟು ಹಾಕಿಕೊಂಡು ಬಂದು, ವಿಷಯ ಕೇಳಿ, ಮೊದಲು ಕೂರಿಸಿ ಎರಡು ದೋಸೆ ಹಾಕಿದ. ದಾರಿ ಹೇಳಿದ್ದು ಆಮೇಲೆ. ನಮ್ಮ ಮೈಸೂರಿನಲ್ಲಿ ಹಾಗೆ ಬಾಗಿಲು ಬಡಿದರೆ ಸರಪಳಿ ಸಂದಿನಿಂದಲೇ ಯಾರು ಬೇಕಿತ್ತು ಎಂದು ಕೇಳಿ ಕಳಿಸುತ್ತೇವೆ. ನಾನೂ ಹಾಗೇ ಕಳಿಸಿದವಳೇ.

ಬುದಯ್ಯ

ಅಭ್ಯಾಸದ ಮೈದಾನ ಇದ್ದದ್ದು ಬುದಯ್ಯದಲ್ಲಿ, ತೋಟಗಳ ನಡುವೆ. ಒಂದು ಕಡೆ ಖರ್ಜೂರದ ಮರ, ಸೊಪ್ಪಿನ ಮಡಿ. ಇನ್ನೊಂದು ಕಡೆ ಎತ್ತರದ ಗೋಡೆ ಕಟ್ಟಿಕೊಂಡ ಬಂಗಲೆಗಳು. ನಡುವೆ ಕೃತಕ ಹುಲ್ಲಿನ ಹಸಿರು ಕಾರ್ಪೆಟ್ ಹಾಸಿದ ಬಯಲು. ಚಳಿಗಾಲದ ಬಿಸಿಲು ನಮ್ಮ ದಸರಾ ಹೊತ್ತಿನ ಬಿಸಿಲಿನ ಹಾಗೆ ಹಿತವಾಗಿತ್ತು.

ಕೋಚ್ ಎತ್ತರದ ಮನುಷ್ಯ, ಬಾಯಲ್ಲಿ ಸದಾ ಏನೋ ಅಗಿಯುತ್ತಾನೆ. ಮೊದಲು ದೂರದಿಂದ ಕೇಳಿದ್ದ ಪ್ರಶ್ನೆಯನ್ನೇ ಮುಖದೆದುರೂ ಕೇಳಿದ. ಚೆಂಡು ಮುಟ್ಟಿಲ್ಲ ಎಂದೆ. ಸಾರಿಗೆ ಉಪ್ಪು ಹೆಚ್ಚಾಗಿದೆ ಎಂದು ಹೇಳಲು ನಾನೇ ಒಲೆ ಹಚ್ಚಬೇಕಿಲ್ಲ ಎಂದೂ ಸೇರಿಸಿದೆ. ನನ್ನ ಇಂಗ್ಲಿಷ್‌ನಲ್ಲಿ ಅದು ಅವನಿಗೆ ಎಷ್ಟು ಮುಟ್ಟಿತೋ ಗೊತ್ತಿಲ್ಲ, ರಾಘವೇಂದ್ರ ಮಾತ್ರ ಕೆಮ್ಮಿದ.

ಆದರೆ ಆಟ ಶುರುವಾದಾಗ ನನ್ನ ಜಂಬ ಇಳಿಯಿತು. ಏನೂ ಕಾಣಿಸಲಿಲ್ಲ! ಆರು ವರ್ಷ ಎತ್ತರದ ಕ್ಯಾಮೆರಾದ ಕಣ್ಣಿನಿಂದ ನೋಡಿ ನೋಡಿ, ಆಟಗಾರರು ನನಗೆ ಹಲಗೆಯ ಮೇಲಿನ ಚೌಕಾಬಾರದ ಕಾಯಿಗಳಾಗಿದ್ದರು. ಇಲ್ಲಿ ನೆಲದ ಮೇಲೆ ನಿಂತರೆ ಕಂಡದ್ದು ಬರೀ ಬೆನ್ನು, ತೊಡೆ, ಉಸಿರು. ಯಾರು ಎಲ್ಲಿ ತಿರುಗಿದ ಎಂಬುದೇ ತಿಳಿಯದು. ಕೋಚ್ ನನ್ನ ಮುಖ ನೋಡಿ ನಗುತ್ತಿದ್ದ. ಆಗ ಗೇಟಿನ ಬಳಿ ಗಿಡಗಳಿಗೆ ಸಿಹಿನೀರು ತಂದ ಟ್ಯಾಂಕರ್ ಬಂದು ನಿಂತಿತು. ಚಾಲಕ ಪೆಶಾವರದ ಮುದುಕ. ಮೇಲೆ ಹತ್ತಲೇ ಎಂದು ಹಿಂದಿಯಲ್ಲಿ ಕೇಳಿದೆ. ಅವನು, "ಬೆಹೆನ್‌ಜಿ, ಬೀಳಬೇಡಿ," ಎಂದು ಏಣಿ ತೋರಿಸಿದ. ಅಂದು ಸಲ್ವಾರ್ ಹಾಕಿದ್ದು ಪುಣ್ಯ. ಟ್ಯಾಂಕರಿನ ನೆತ್ತಿಯ ಮೇಲೆ ಪಟ್ಟಾಗಿ ಕೂತೆ. ಇಡೀ ಮೈದಾನ ತೆರೆದ ಉತ್ತರ ಪತ್ರಿಕೆಯಂತೆ ಕಂಡಿತು.

ನನ್ನ ವರದಿಯಲ್ಲಿ ಕಡಿಮೆ ಮಾರ್ಕು ಬಿದ್ದಿದ್ದ ಹದಿನೆಂಟನೇ ನಂಬರಿನವನನ್ನು ಹುಡುಕಿದೆ. ಅವನ ಹೆಸರು ಯೂಸುಫ್. ಬಹ್ರೇನಿನವನೇ, ಮೊದಲು ಹ್ಯಾಂಡ್‌ಬಾಲ್ ಆಡುತ್ತಿದ್ದವನು. ಮಿಕ್ಕ ರಿಸೀವರುಗಳು ಅಂಚಿನಲ್ಲಿ ಓಡಿದರೆ ಇವನ ಕೆಲಸ ಒಳಗಡೆ: ನೇರ ಹತ್ತು ಹೆಜ್ಜೆ ಓಡಿ, ಥಟ್ಟನೆ ಮೈದಾನದ ನಡುಮಧ್ಯಕ್ಕೆ ತಿರುಗಬೇಕು. ಅಭ್ಯಾಸದ ವಿಡಿಯೋಗಳಲ್ಲಿ ಎಷ್ಟೋ ಸಲ ಏನು ನೋಡಿದ್ದೆನೋ ಇಲ್ಲೂ ಅದೇ. ಚೂಪಾಗಿ ತಿರುಗುವ ಬದಲು ಡೊಂಕು ಸೌತೆಕಾಯಿಯಂತೆ ಬಾಗಿ ಬಳಸಿಕೊಂಡು ಹೋದ. ಚೆಂಡು ಬರುವ ಹೊತ್ತಿಗೆ ಒಂದು ಹೆಜ್ಜೆ ತಡ. ಇದೇ ಮನುಷ್ಯ ಪಂದ್ಯಗಳಲ್ಲಿ, ಬೇರೆ ಊರಿನ ಸ್ಟೇಡಿಯಂಗಳಲ್ಲಿ, ಕತ್ತರಿಸಿದ ಹಾಗೆ ತಿರುಗುತ್ತಿದ್ದ. ನನ್ನ ವರದಿಯಲ್ಲಿ ನಾನು ಬರೆದ ವಾಕ್ಯ ನನಗೆ ಬಾಯಿಪಾಠವಿತ್ತು: ಜನ ನೋಡುವಾಗ ಮಾತ್ರ ಬೆವರುವವನು, ಅಭ್ಯಾಸದಲ್ಲಿ ಮೈಗಳ್ಳ.

ಇಳಿದು ಬಂದು ಅದನ್ನೇ ಹೇಳಿದೆ. ಕೋಚ್ ಅಗಿಯುವುದನ್ನು ನಿಲ್ಲಿಸಿ ಕೈ ಕುಲುಕಿದ. ನಿನಗೆ ಕಣ್ಣಿದೆ, ಮಿಕ್ಕವರದ್ದು ಏನೇ ಇರಲಿ, ಇವನು ನನಗೂ ಹಾಗೇ ಕಂಡ ಎಂದ. ನನಗೆ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ? ರಾಘವೇಂದ್ರ ಕಾರಿನಲ್ಲಿ ಹೇಳಿದ: "ಮೇಡಂ, ನೀವು ಸೂಪರ್. ಸಂಡೇ ಫೈನಲ್ ಲಿಸ್ಟ್ ಸೈನ್ ಆಗುತ್ತೆ. ಹದಿನೆಂಟು ಔಟ್. ಪಾಪ, ಇದಕ್ಕೋಸ್ಕರ ಹ್ಯಾಂಡ್‌ಬಾಲ್ ಕ್ಲಬ್ ಬಿಟ್ಟು ಬಂದಿದ್ದ. ಮೂವತ್ತೊಂದು ವಯಸ್ಸು, ಅವರು ಮತ್ತೆ ತಗೊಳಲ್ಲ."

ಪಾಪ ಎನ್ನಿಸಲಿಲ್ಲ. ಓದದವನು ಫೇಲಾದರೆ ಮೇಷ್ಟ್ರು ಅಳಬೇಕೇ ಎಂದುಕೊಂಡೆ.

ಶುಕ್ರವಾರ, ವನಜಕ್ಕನ ಅಂಗಡಿ

ಅಲ್ಲಿ ವಾರದ ರಜೆ ಶುಕ್ರವಾರ ಮತ್ತು ಶನಿವಾರ. ಭಾನುವಾರ ಬೆಳಿಗ್ಗೆ ಜನ ನಮ್ಮ ಸೋಮವಾರದ ಮುಖ ಹೊತ್ತು ಕೆಲಸಕ್ಕೆ ಹೋಗುತ್ತಾರೆ. ಶುಕ್ರವಾರ ಮಧ್ಯಾಹ್ನ ವನಜಕ್ಕ ಅಂಗಡಿಯ ಬಾಗಿಲು ಅರ್ಧ ಎಳೆದು ತಂಡದ ಪ್ಯಾಂಟುಗಳ ರಾಶಿಗೆ ಕೂತಿದ್ದರು. ನಾನು ದಾರ ಕತ್ತರಿಸಿ ಕೊಡುತ್ತಾ ನನ್ನ ಪ್ರತಾಪ ಹೇಳಿಕೊಳ್ಳುತ್ತಿದ್ದೆ.

"ಹದಿನೆಂಟಾ? ಯೂಸುಫ್? ಮೈಗಳ್ಳ ಅಂತ ಬರ್ದದ್ದಾ ನೀನು?" ವನಜಕ್ಕ ಮೆಷಿನ್ ನಿಲ್ಲಿಸಿದರು. ರಾಶಿಯಿಂದ ಒಂದು ಪ್ಯಾಂಟು ಎಳೆದು ನನ್ನ ತೊಡೆಯ ಮೇಲೆ ಹಾಕಿದರು. "ಇದು ನೋಡು. ಉಳಿದವ್ರದ್ದೆಲ್ಲ ಹೊಲಿಗೆಯಲ್ಲಿ ಬಿಡುದು. ಎಳ್ದಾಡಿದ್ರೆ ಹಾಗೇ ಆಗುದು. ಇವಂದು ಮಾತ್ರ ಎಡ ಮೊಣಕಾಲು ಉಜ್ಜಿ ಹೋಗಿ ಇತ್ತು, ಶುರು ಶುರುವಿಗೆ. ಹುಲ್ಲಿಗೆ ಬಿದ್ರೆ ಹೀಗೆ ಹರಿಯುದಿಲ್ಲ ಮಾರಾಯ್ತಿ. ನಾನು ಎಷ್ಟು ಪ್ಯಾಂಟ್ ಕಂಡಿಲ್ಲ?"

"ಶುರು ಶುರುವಿಗೆ ಅಂದ್ರೆ? ಈಗ?"

"ಈಗ ಹರಿಯುದಿಲ್ಲ. ನಾನೇ ಕೇಳ್ದೆ, ಎಂತ ಯೂಸುಫ್, ಈಗ ಬೀಳುದು ಬಿಟ್ಟಿಯಾ ಅಂತ. ನಗಾಡಿದ."

ತೇಪೆ ಹಾಕಿದ್ದ ಜಾಗವನ್ನು ಬೆರಳಲ್ಲಿ ಸವರಿ ನೋಡಿದೆ. ಸುತ್ತಲ ಬಟ್ಟೆ ಜೂಲುಜೂಲಾಗಿತ್ತು, ಒರಟು ಗೋಡೆಗೆ ಉಜ್ಜಿದಂತೆ. ಇದು ನನ್ನ ವಿಷಯವಲ್ಲ ಎಂದು ಮಡಿಸಿಟ್ಟೆ. ವಿಡಿಯೋದಲ್ಲಿ ಕಾಣದ್ದಕ್ಕೆ ಮಾರ್ಕು ಹಾಕುವುದು ನನ್ನ ಪದ್ಧತಿಯಲ್ಲ.

ಶನಿವಾರ, ಸೊಪ್ಪಿನ ಸಂತೆ

ಚಳಿಗಾಲದ ಶನಿವಾರಗಳಲ್ಲಿ ಬುದಯ್ಯದ ರೈತರು ತರಕಾರಿ ಸಂತೆ ಹಾಕುತ್ತಾರೆ. ವನಜಕ್ಕ ತಮ್ಮ ಹಳೆಯ ಕಾರಿನಲ್ಲಿ ನನ್ನನ್ನು ಕೂರಿಸಿಕೊಂಡು ಹೊರಟರು. ಮರುಭೂಮಿಯ ದೇಶದಲ್ಲಿ ಆ ಮೂಲಂಗಿ, ಆ ಟೊಮೆಟೊ! ಅರಬ್ಬಿ ಅಜ್ಜನೊಬ್ಬ ನಾನು ಸೊಪ್ಪಿನ ಕಟ್ಟು ಮೂಸಿ ನೋಡಿದ್ದಕ್ಕೆ ನಕ್ಕು, ಇನ್ನೊಂದು ಕಟ್ಟು ಸುಮ್ಮನೆ ಚೀಲಕ್ಕೆ ತುರುಕಿದ. ದೇವರಾಜ ಮಾರ್ಕೆಟ್ಟಿನಲ್ಲಿ ಮೂಸಿದರೆ ಬೈಗುಳ ತಿನ್ನಬೇಕು.

ಹಿಂತಿರುಗುವಾಗ ಮೈದಾನದ ಮುಂದೆ ಹಾದೆವು. ಒಳಗಿನಿಂದ ಕೂಗು ಕೇಳಿತು. "ಹಿಡಿಯಾ! ಹಿಡಿಯಾ! ಥೂ, ಬಿಟ್ಟ!" ಅಚ್ಚ ಕನ್ನಡ. ಕಾರು ನಿಲ್ಲಿಸಿ ಎಂದೆ.

ಒಳಗೆ ಕ್ರಿಕೆಟ್ ಪಂದ್ಯ ನಡೆಯುತ್ತಿತ್ತು. ನಮ್ಮ ಕರಾವಳಿಯ ಗಂಡಸರು, ಬ್ಯಾಂಕಿನವರು, ಅಂಗಡಿಯವರು, ಹೊಟ್ಟೆ ಬಂದವರು. ಹಸಿರು ಕಾರ್ಪೆಟ್ಟಿನ ನಡುವಿನ ಒಂದು ಉದ್ದ ತುಂಡನ್ನು ಚಾಪೆಯಂತೆ ಸುರುಳಿ ಸುತ್ತಿ ಬದಿಗಿಟ್ಟಿದ್ದರು. ಅದರ ಕೆಳಗೆ, ಮೈದಾನದ ನಟ್ಟನಡುವೆ, ಬಿಳಿಚಿಕೊಂಡು ಬಿದ್ದಿತ್ತು ಸಿಮೆಂಟಿನ ಪಿಚ್ಚು.

ನಾನು ಅಲ್ಲೇ ನಿಂತುಬಿಟ್ಟೆ. ಕೈಯಲ್ಲಿದ್ದ ಮೂಲಂಗಿ ಕೆಳಗೆ ಬಿತ್ತು.

ಅಂಪೈರ್ ಆಗಿದ್ದ ಒಬ್ಬ ಹಿರಿಯರನ್ನು ಕೇಳಿದೆ. "ಇದು ಮೊದ್ಲಿಂದ ಕ್ರಿಕೆಟ್ ಗ್ರೌಂಡೇ ಅಲ್ವಾ? ಆಟ ಮುಗ್ದ ಮೇಲೆ ನಾವು ಕಾರ್ಪೆಟ್ ಹಾಸಿ ಹೋಗ್ತೇವೆ. ವಾರದ ದಿನ ಯಾರೋ ಬಂದು ಎಂತದೋ ಆಡ್ತಾರಂತೆ, ನಾವು ಕಂಡಿಲ್ಲ," ಎಂದರು. ಅವರು ಇವರನ್ನು ಕಂಡಿಲ್ಲ, ಇವರು ಅವರನ್ನು ಕಂಡಿಲ್ಲ. ಎರಡು ಕಡೆಯವರೂ ಒಂದೇ ನೆಲಕ್ಕೆ ಬಾಡಿಗೆ ಕಟ್ಟುತ್ತಿದ್ದರು. ಕ್ಯಾಮೆರಾಗೆ ಕಂಡದ್ದು ಕಾರ್ಪೆಟ್ಟಿನ ತುಂಡುಗಳು ಕೂಡುವ ಕೀಲು ಮಾತ್ರ. ಅಷ್ಟು ಗೆರೆಗಳ ಮೈದಾನದಲ್ಲಿ ಅದು ಇನ್ನೊಂದು ಗೆರೆ ಎಂದು ನಾನು ದಾಟಿಕೊಂಡು ಹೋಗಿದ್ದೆ.

ಪಿಚ್ಚಿನ ತುದಿಯಿಂದ ಹೆಜ್ಜೆ ಹಾಕಿ ಅಳೆದೆ. ತಂಡ ಅಭ್ಯಾಸದಲ್ಲಿ ಪ್ರತಿ ಸಲ ಒಂದೇ ಗೆರೆಯಿಂದ ಶುರು ಮಾಡುತ್ತದೆ. ಅಲ್ಲಿಂದ ಹತ್ತು ಹೆಜ್ಜೆ ಓಡಿ ಒಳಗೆ ತಿರುಗಿದರೆ ಪಾದ ಊರುವುದು ಸರಿಯಾಗಿ ಈ ಸಿಮೆಂಟಿನ ಮೇಲೆ. ಅಂಚಿನಲ್ಲಿ ಓಡುವ ಐವರಿಗೆ ಇದು ಸಿಗುವುದೇ ಇಲ್ಲ. ಸಿಗುವುದು ಹದಿನೆಂಟಕ್ಕೆ ಮಾತ್ರ.

ಹಮದ್ ಟೌನ್

ಯೂಸುಫ್ ಮನೆ ಹಮದ್ ಟೌನಿನಲ್ಲಿ ಎಂದು ವನಜಕ್ಕನಿಗೆ ಗೊತ್ತಿತ್ತು, ಅಲ್ಲಿಂದ ನೇರ ಹೊರಟೆವು. ಆ ಊರಿನಲ್ಲಿ ವಿಳಾಸವೆಂದರೆ ವೃತ್ತದ ನಂಬರು. ಇಷ್ಟನೇ ರೌಂಡಬೌಟ್ ದಾಟಿ ಬಲಕ್ಕೆ ಎಂದರೆ ಮುಗಿಯಿತು. ವನಜಕ್ಕ ಲೆಕ್ಕ ತಪ್ಪಿ ಒಂದೇ ವೃತ್ತವನ್ನು ಮೂರು ಸುತ್ತು ಹಾಕಿದರು. ನವಗ್ರಹ ಪ್ರದಕ್ಷಿಣೆ ಆಯಿತಲ್ಲ ಎಂದೆ. "ಬಾಯಿ ಮುಚ್ಚಿ ಬೋರ್ಡ್ ಓದು," ಎಂದರು.

ಅವನ ತಾಯಿ ಬಾಗಿಲು ತೆಗೆದರು. ಪುಟ್ಟ ಬಟ್ಟಲಲ್ಲಿ ಏಲಕ್ಕಿಯ ಕಹಿ ಕಾಫಿ ಕೊಟ್ಟರು. ಬಟ್ಟಲು ಖಾಲಿಯಾದಂತೆ ಮತ್ತೆ ತುಂಬಿಸಿದರು. ಬೇಡವೆನ್ನಲು ಬಟ್ಟಲನ್ನು ಅಲುಗಾಡಿಸಿ ಕೊಡಬೇಕಂತೆ, ನನಗೇನು ಗೊತ್ತು? ಬಿಟ್ಟರೆ ಮರ್ಯಾದೆಯಲ್ಲವೆಂದು ಆರು ಬಟ್ಟಲು ಕುಡಿದೆ. ಎದೆ ಡವಡವ ಎನ್ನತೊಡಗಿತು.

ಯೂಸುಫ್‌ಗೆ ಅಲ್ಲಿನವರು ಆಡುವ ಮುರುಕು ಹಿಂದಿ ಚೆನ್ನಾಗಿ ಬರುತ್ತದೆ. ನಾನು ಯಾರೆಂದು ಹೇಳಿದೆ. "ಐದಕ್ಕೆ ಎರಡು, ಐದಕ್ಕೆ ಎರಡು ಅಂತ ಬರೆದದ್ದು ನೀವಾ?" ಎಂದ.

"ನಾನೇ. ಸಿಮೆಂಟಿನ ವಿಷಯ ಯಾಕೆ ಹೇಳಲಿಲ್ಲ?"

"ಹೇಳಿದ್ದೆ. ಮೊದಲ ತಿಂಗಳು ಎರಡು ಸಲ ಬಿದ್ದೆ. ಹಳೇ ಕೋಚ್‌ಗೆ ಹೇಳಿದೆ. ಬಳಸಿಕೊಂಡು ಓಡು, ಕಾಲು ಉಳಿಸಿಕೋ, ಪಂದ್ಯದಲ್ಲಿ ಚೂಪಾಗಿ ತಿರುಗು ಅಂದರು. ಹಾಗೇ ಮಾಡಿದೆ. ಅವರು ಬಿಟ್ಟು ಹೋದರು. ಹೊಸಬರು ನನ್ನನ್ನು ಏನೂ ಕೇಳಲಿಲ್ಲ. ನಿಮ್ಮ ಕಾಗದ ಕೇಳಿದರು." ಅವನ ದನಿ ಏರಿತು. "ನೀವು ಮೇಲಿನಿಂದ ನೋಡ್ತೀರಿ, ನಿಮಗೆ ಎಲ್ಲ ಕಾಣುತ್ತೆ ಅಂದುಕೊಂಡಿದ್ದೆ ನಾನು!"

ಅವನ ತಾಯಿಗೆ ಭಾಷೆ ತಿಳಿಯದಿದ್ದರೂ ಮಗನ ದನಿ ತಿಳಿಯಿತು. ನನ್ನ ಕೈಯಿಂದ ಬಟ್ಟಲು ತೆಗೆದುಕೊಂಡು ಹೋದರು, ಮತ್ತೆ ತುಂಬಿಸಲಿಲ್ಲ. ನಾಚಿಕೆಯಾಯಿತು. ನಾಚಿಕೆಯ ಹಿಂದೆಯೇ ಸಿಟ್ಟು ಬಂತು, ನನ್ನ ಮೇಲೇ.

ಅಂದು ಸಂಜೆ ಲ್ಯಾಪ್‌ಟಾಪ್ ತೆಗೆದು ಹದಿನೆಂಟರ ಎಲ್ಲ ಓಟಗಳನ್ನೂ ಎರಡು ಭಾಗ ಮಾಡಿದೆ. ಸಿಮೆಂಟಿನ ಮೇಲೆ ತಿರುಗಿದವು, ಬೇರೆ ಕಡೆ ತಿರುಗಿದವು. ಮೊದಲ ಭಾಗದಲ್ಲಿ ಎಲ್ಲ ಎರಡು. ಎರಡನೆಯದರಲ್ಲಿ ನಾಲ್ಕು, ಐದು, ಐದು. ಗಣಿತ ಕಲಿಸಿದವಳು ನಾನು! ಎರಡನ್ನೂ ಕೂಡಿಸಿ ಸರಾಸರಿ ತೆಗೆದು, ಆ ಸರಾಸರಿಗೆ ಮೈಗಳ್ಳ ಎಂದು ಹೆಸರಿಟ್ಟಿದ್ದೆ.

ಪ್ರಸನ್ನನಿಗೆ ಫೋನ್ ಮಾಡಿದೆ. "ಮಂಗಳಾ ಮೇಡಂ, ದಯವಿಟ್ಟು ಬೇಡ. ನಮ್ ರಿಪೋರ್ಟ್ ತಪ್ಪು ಅಂತ ನಾವೇ ಹೇಳ್ಬಿಟ್ರೆ ನಾಳೆ ಯಾರ್ ನಂಬ್ತಾರೆ? ಒಬ್ಬ ಹೋದ್ರೆ ಹೋಗ್ಲಿ ಬಿಡಿ. ಸುಮ್ನೆ ಸೈನ್ ಆಗೋಕೆ ಬಿಟ್ಟು ವಾಪಸ್ ಬನ್ನಿ."

"ಹಿಂದೆ ಒಬ್ಬನನ್ನು ಪಾಸು ಮಾಡಲ್ಲ ಅಂತ ಒಂದು ಕೆಲಸ ಬಿಟ್ಟಿದ್ದೀನಿ ಪ್ರಸನ್ನ. ಇನ್ನೊಬ್ಬನನ್ನು ಅನ್ಯಾಯವಾಗಿ ಫೇಲು ಮಾಡಿ ಈ ಕೆಲಸ ಉಳಿಸಿಕೊಳ್ಳಬೇಕಾ?" ಎಂದು ಫೋನಿಟ್ಟೆ.

ಭಾನುವಾರ, ಮತ್ತೆ ಬುದಯ್ಯ

ಕೋಚ್ ಪಟ್ಟಿ ಹಿಡಿದು ಮೈದಾನದ ಬದಿಯ ಮೇಜಿನ ಬಳಿ ನಿಂತಿದ್ದ. ಆಟಗಾರರು ದೂರದಲ್ಲಿ ಮೈ ಸಡಿಲಿಸುತ್ತಿದ್ದರು. ನಾನು ನನ್ನ ಎರಡು ಭಾಗದ ಲೆಕ್ಕ ಮೇಜಿನ ಮೇಲಿಟ್ಟು ಎಲ್ಲ ಹೇಳಿದೆ. ರಾಘವೇಂದ್ರ ಮೆಲ್ಲಗೆ, "ಮೇಡಂ, ಈ ಟೈಮಲ್ಲಿ ಇದೆಲ್ಲಾ ಬೇಕಿತ್ತಾ?" ಎಂದ. ಅವನ ಕಡೆ ತಿರುಗಲೇ ಇಲ್ಲ.

ಕೋಚ್ ನನ್ನ ಹಳೆಯ ವರದಿಯನ್ನೇ ತೆಗೆದು ಬೆರಳಿಟ್ಟ. ಇದನ್ನು ಬರೆದವಳು ನೀನೇ ತಾನೆ?

ನಾನೇ. ತಪ್ಪು ಬರೆದೆ.

ನೆಲ ಎಲ್ಲರಿಗೂ ಒಂದೇ ಎಂದ. ಓಡಲು ಮನಸ್ಸಿಲ್ಲದವನು ನೆಲದ ಮೇಲೆ ಗೂಬೆ ಕೂರಿಸುತ್ತಾನೆ, ನಿನಗೆ ಯಾರೋ ಕಥೆ ಹೇಳಿದ್ದಾರೆ ಎಂದ. ಪೆನ್ನಿನ ಮುಚ್ಚಳ ತೆಗೆದ.

ಆಗ ನಾನು ಮಾಡಿದ್ದನ್ನು ಈಗ ನೆನೆದರೆ ನನಗೇ ನಂಬಿಕೆ ಬರುವುದಿಲ್ಲ. ದುಪ್ಪಟ್ಟಾವನ್ನು ಸೊಂಟಕ್ಕೆ ಬಿಗಿದೆ. ಕನ್ನಡಕವನ್ನು ರಾಘವೇಂದ್ರನ ಕೈಗಿಟ್ಟೆ. ಯೂಸುಫ್ ನಿಲ್ಲುವ ಗೆರೆಯ ಮೇಲೆ ಹೋಗಿ ನಿಂತೆ. ನಲವತ್ತೊಂಬತ್ತು ವರ್ಷ, ಕ್ಯಾನ್ವಾಸ್ ಶೂ, ಬೆಳಗಿನ ಮೂರು ನೀರ್‌ದೋಸೆ ಹೊಟ್ಟೆಯಲ್ಲಿ. ಯಾರೋ ಸೀಟಿ ಹೊಡೆದರು. ಯೂಸುಫ್ ಮಾತ್ರ, "ನಹೀಂ ಮೇಡಂ, ನಹೀಂ!" ಎಂದು ಕೂಗುತ್ತಾ ಓಡಿ ಬರತೊಡಗಿದ.

ಓಡಿದೆ. ಒಂದು, ಎರಡು, ಮೂರು ಎಂದು ಹತ್ತರವರೆಗೆ ಎಣಿಸಿ ಓಡಿದೆ. ನೂರಾರು ಜನರಿಗೆ ಹೇಗೆ ತಿರುಗಬೇಕೆಂದು ಮಾರ್ಕು ಹಾಕಿದ್ದೆನೋ ಹಾಗೆಯೇ ಎಡಗಾಲು ಊರಿ ತಿರುಗಿದೆ. ಕಾರ್ಪೆಟ್ಟು ಕಾಲಡಿಯಲ್ಲಿ ಜಾರಿತು. ಮೊಣಕಾಲು ಸಿಮೆಂಟಿಗೆ ಬಡಿದ ಸದ್ದು ಮೇಜಿನವರೆಗೂ ಕೇಳಿತಂತೆ. ಅಂಗೈ ಎರಡೂ ತರಚಿ ಹೋದವು. ಬಿದ್ದಲ್ಲೇ ಮುಖ ಎತ್ತಿ ಕೂಗಿದೆ, ಕನ್ನಡದಲ್ಲೇ: "ಬಂದು ನೋಡೋ! ಎಷ್ಟು ಮಾರ್ಕು ಕೊಡ್ತೀಯ, ಬಂದು ನೋಡಿ ಕೊಡು!"

ಅದಕ್ಕೆ ಅನುವಾದ ಬೇಕಾಗಲಿಲ್ಲ. ಕೋಚ್ ಬಂದ. ಹಿಮ್ಮಡಿಯಿಂದ ನೆಲ ಒತ್ತಿದ. ಕುಕ್ಕುರುಗಾಲಲ್ಲಿ ಕೂತು ಕೀಲಿನಲ್ಲಿ ಬೆರಳು ತೂರಿಸಿ ಕಾರ್ಪೆಟ್ ಎತ್ತಿದ. ಕೆಳಗೆ ಬಿಳಿ ಸಿಮೆಂಟು. ನಾಲ್ಕು ತಿಂಗಳಿಂದ ಅವನು ಆ ಮೈದಾನದ ಅಂಚಿನಲ್ಲಿ ನಿಂತು ಕೂಗುತ್ತಿದ್ದನಂತೆ. ನಡುವಿಗೆ ನಡೆದು ಬಂದದ್ದು ಅದೇ ಮೊದಲು. ಎದ್ದು ಟೋಪಿ ತೆಗೆದು, ಇದನ್ನು ನಾನು ನಡೆದು ನೋಡಬೇಕಿತ್ತು ಎಂದ. ನಾನೂ ನೋಡಬೇಕಿತ್ತು ಎಂದೆ.

ಹದಿನೆಂಟರ ಹೆಸರು ಪಟ್ಟಿಯಲ್ಲಿ ಉಳಿಯಿತು. ಅಭ್ಯಾಸ ಅದೇ ವಾರ ಬೇರೆ ಮೈದಾನಕ್ಕೆ ಹೋಯಿತು. ನನ್ನ ವರದಿಯ ಆ ಹಾಳೆಯನ್ನು ನಾನೇ ಅಡ್ಡಗೆರೆ ಎಳೆದು, ಕೆಳಗೆ ಸಹಿ ಹಾಕಿದೆ. ಮರುಮೌಲ್ಯಮಾಪನ ಎಂದು ಕನ್ನಡದಲ್ಲೇ ಬರೆದೆ, ಯಾರಿಗೂ ತಿಳಿಯದಿದ್ದರೂ ಸರಿ.

ಅಷ್ಟಾಗಿದ್ದರೆ ಗೆದ್ದು ಬಂದೆ ಎಂದು ಈ ಬರಹವನ್ನು ಇಲ್ಲಿಗೇ ಮುಗಿಸುತ್ತಿದ್ದೆ. ಆದರೆ ನನ್ನನ್ನು ಎತ್ತಿ ಕೂರಿಸಿ ಮೊಣಕಾಲಿಗೆ ನೀರು ಹಾಕುತ್ತಾ ಯೂಸುಫ್ ಒಂದು ಮಾತು ಹೇಳಿದ. "ನನಗಿಂತ ಮುಂಚೆ ಈ ಜಾಗದಲ್ಲಿ ಟೆರೆನ್ಸ್ ಓಡುತ್ತಿದ್ದ. ಎಂಬತ್ತನಾಲ್ಕನೇ ನಂಬರು. ಅವನನ್ನು ತೆಗೆದ ಮೇಲೇ ನನ್ನನ್ನು ತಗೊಂಡದ್ದು. ಅವನಿಗೂ ನೀವೇ ಹಾಕಿದ್ದಾ?"

ನಾನೇ ಹಾಕಿದ್ದೆ.

ಮೈಸೂರು

ಪ್ರಸನ್ನ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬಹ್ರೇನಿನ ಫೈಲು ಕಿತ್ತುಕೊಂಡು ಕಬಡ್ಡಿಗೆ ಹಾಕಿದ. ಕಬಡ್ಡಿಗೆ ಹೋದ ಮೊದಲ ದಿನವೇ, ಅಂಕಣ ಯಾವ ನೆಲದ ಮೇಲೆ ಹಾಸಿದ್ದೆಂದು ತಿಳಿಸದಿದ್ದರೆ ನಾನು ಪೆನ್ನು ಮುಟ್ಟುವುದಿಲ್ಲ ಎಂದೆ. ಹಿಡಿದ ಹಟ ಬಿಡುವವಳಲ್ಲವೆಂದು ಅವನಿಗೂ ಗೊತ್ತು, ತರಿಸಿಕೊಟ್ಟ.

ರಾಘವೇಂದ್ರನನ್ನು ಪೀಡಿಸಿ ಟೆರೆನ್ಸ್‌ನ ವಿಳಾಸ ತರಿಸಿದೆ. ಅಮೆರಿಕದ ಯಾವುದೋ ಸಣ್ಣ ಊರಿನ ಗೋದಾಮಿನಲ್ಲಿದ್ದಾನಂತೆ. ಆಟ ಬಿಟ್ಟಿದ್ದಾನಂತೆ. ರಜೆಯ ದಿನಗಳಲ್ಲಿ ಕೂತು, ನನ್ನ ಲ್ಯಾಪ್‌ಟಾಪಿನಲ್ಲಿ ಉಳಿದಿದ್ದ ಅವನ ಓಟಗಳನ್ನೆಲ್ಲ ಮೊದಲಿನಿಂದ ತಿದ್ದಿದೆ. ಸಿಮೆಂಟಿನ ಮೇಲೆ ತಿರುಗಿದವನ್ನು ಬಿಟ್ಟು ಲೆಕ್ಕ ಹಾಕಿದರೆ, ಆ ಸೀಸನ್ನಿನ ರಿಸೀವರುಗಳಲ್ಲಿ ಅವನೇ ಮೊದಲಿಗ. ಅದನ್ನು ಬರೆದು, ನಡೆದದ್ದನ್ನು ಬರೆದು, ತಪ್ಪು ನನ್ನದೆಂದು ಬರೆದು ಕಳಿಸಿದೆ. ಕಂಪನಿಯ ಹೆಸರಿನಲ್ಲಿ ಹಾಗೆಲ್ಲ ಬರೆಯಬಾರದು ಎಂದ ಪ್ರಸನ್ನ. ನನ್ನ ಹೆಸರಿನಲ್ಲಿ ಬರೆದಿದ್ದೇನೆ ಎಂದೆ.

ಬಹಳ ದಿನ ಉತ್ತರ ಬರಲಿಲ್ಲ. ಬಂದಾಗ ಎರಡೇ ಸಾಲು ಇತ್ತು: ಆ ಜಾಗದಲ್ಲಿ ನಾನು ಮೂರು ಸಲ ಬಿದ್ದೆ, ಮೂರನೇ ಸಲ ಬಿದ್ದಾಗ ಎದ್ದು ಹೋಗಿ ಚೆಂಡು ಹಿಡಿದೆ. ಅದಕ್ಕೆ ನೀವು ಎಷ್ಟು ಕೊಟ್ಟಿದ್ದಿರಿ?

ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. ಸಿಕ್ಕಿತು. ಅವನು ಬಿದ್ದು, ಎದ್ದು, ಕುಂಟುತ್ತಾ ನಾಲ್ಕು ಹೆಜ್ಜೆ ಹೋಗಿ, ಒಂದೇ ಕೈಯಲ್ಲಿ ಚೆಂಡು ಹಿಡಿದಿದ್ದ. ಪಕ್ಕದಲ್ಲಿ ನನ್ನ ಮಾರ್ಕು ಇತ್ತು, ಓಟ ಅಪೂರ್ಣ ಎಂಬ ಷರಾದೊಂದಿಗೆ. ಸೊನ್ನೆ ಎಂದು ಬರೆದು ಕಳಿಸಿದೆ.